ಎಪಿಪಿ ಮೇಜಿನಿಂದ ವಾಪಸ್ಸಾಗುವ ಫೈಲು: ದೋಷ ಹುಡುಕುವ ಬಗೆ

ದೋಷಾರೋಪಣ ಪಟ್ಟಿಯ ಪರಿಶೀಲನೆಗೆಂದು ಸಹಾಯಕ ಸರ್ಕಾರಿ ಅಭಿಯೋಜಕರ (ಎಪಿಪಿ) ಮೇಜಿಗೆ ಹೋದ ಫೈಲು ಆಕ್ಷೇಪಣೆಯ ಚೀಟಿ ಹೊತ್ತು ಠಾಣೆಗೆ ಮರಳುತ್ತದೆ. ಚೀಟಿಯಲ್ಲಿ ನಾಲ್ಕು ಕೊರತೆ ಬರೆದಿದ್ದರೆ ಠಾಣೆಯ ಕಾಗದಪತ್ರ ನೋಡುವ ರೈಟರ್ ಆ ನಾಲ್ಕನ್ನೇ ತುಂಬಿಸಿ ಮತ್ತೆ ಕಳಿಸುತ್ತಾರೆ. ಐದನೆಯದು ಎರಡು ವರ್ಷ ಕಳೆದು ಪಾಟಿಸವಾಲಿನಲ್ಲಿ ಹೊರಬೀಳುತ್ತದೆ. ಚೀಟಿ ತೋರಿಸುವುದು ಲಕ್ಷಣವನ್ನು ಮಾತ್ರ. ದೋಷ ಹುಟ್ಟಿದ್ದು ಬಹುಪಾಲು ಪ್ರಕರಣಗಳಲ್ಲಿ ಮೊದಲ ಎರಡು ದಿನದಲ್ಲಿ, ಫಿರ್ಯಾದಿ ಬರೆದುಕೊಂಡಾಗ, ಪಂಚನಾಮೆ ಮಾಡಿದಾಗ, ಜಪ್ತಿ ಮಾಲಿಗೆ ಅರಗು ಹಾಕಿದಾಗ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಠಾಣೆಗಳಲ್ಲಿ ಹೆಚ್ಚಾಗಿ ಬರುವ ಬಗೆಯ ಪ್ರಕರಣಗಳನ್ನು ಇಟ್ಟುಕೊಂಡು ಇದನ್ನು ಬರೆದಿದೆ. ಕಲಂಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನುಗಳವು: ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್), ಸಾಕ್ಷ್ಯ ಅಧಿನಿಯಮ (ಬಿಎಸ್‌ಎ). ಘಟನೆ ಆ ದಿನಕ್ಕಿಂತ ಹಿಂದಿನದಾದರೆ ಅಪರಾಧದ ಕಲಂ ಐಪಿಸಿಯದೇ ಇರಬೇಕು. ಎಫ್‌ಐಆರ್ ಆ ದಿನದ ನಂತರ ದಾಖಲಾಗಿದ್ದರೆ ತನಿಖೆಯ ವಿಧಾನ ಮಾತ್ರ ಬಿಎನ್‌ಎಸ್‌ಎಸ್ ಪ್ರಕಾರ. ಹಳೆಯ ವಂಚನೆ, ದಾಖಲೆ ತಿದ್ದುಪಡಿ ಪ್ರಕರಣಗಳಲ್ಲಿ ಇಂದಿಗೂ ಈ ಎರಡನ್ನು ಕಲಸಿಹಾಕಿ ಕಳಿಸಲಾಗುತ್ತಿದೆ.

ಏನನ್ನು ಸರಿಪಡಿಸಬಹುದು, ಏನನ್ನು ಮುಟ್ಟಬಾರದು

ಫೈಲು ಬಿಚ್ಚುವ ಮೊದಲು ಇದು ತಲೆಯಲ್ಲಿರಲಿ. ಕೆಲವು ಕೊರತೆ ಒಂದು ಪತ್ರ ಬರೆದು ದಾಖಲೆ ತರಿಸಿದರೆ ಮುಗಿಯುತ್ತವೆ: ಎಕ್ಸ್-ರೇ ವರದಿ, ಹೊಲದ ಉತಾರ (ಪಹಣಿ), ಜಾತಿ ಪ್ರಮಾಣಪತ್ರ, ಮೋಟಾರು ವಾಹನ ನಿರೀಕ್ಷಕರ ವರದಿ. ಕೆಲವಕ್ಕೆ ಇಂದಿನ ದಿನಾಂಕದಲ್ಲೇ ಪುರವಣಿ ಹೇಳಿಕೆಯೋ ಹೆಚ್ಚುವರಿ ಪಂಚನಾಮೆಯೋ ಬೇಕು, ಯಾಕೆ ತಡವಾಯಿತು ಎಂಬ ಒಂದು ಸಾಲಿನ ಜೊತೆ. ಉಳಿದವು ವಾಸಿಯಾಗುವುದಿಲ್ಲ. ಸೀಲು ಒಡೆದ ಮಾಲು, ಅಳಿಸಿಹೋದ ಸಿಸಿಟಿವಿ, ಘಟನೆಯಾಗಿ ಇಪ್ಪತ್ತು ದಿನಕ್ಕೆ ತೆಗೆದುಕೊಂಡ ಪ್ರತ್ಯಕ್ಷಸಾಕ್ಷಿಯ ಮೊದಲ ಹೇಳಿಕೆ ಇಂಥವು. ಇಂಥದ್ದನ್ನು ಎಪಿಪಿಗೆ ಬಾಯಿಬಿಟ್ಟು ಹೇಳಬೇಕು. ಹಿಂದಿನ ದಿನಾಂಕ ಹಾಕಿ ಹೇಳಿಕೆ ಹೊಸದಾಗಿ ಬರೆಯುವುದು, ಪಂಚನಾಮೆಯ ಹಾಳೆ ಬದಲಿಸುವುದು ದುರಸ್ತಿಯಲ್ಲ, ಸುಳ್ಳು ಸಾಕ್ಷ್ಯ ಸೃಷ್ಟಿ. ಠಾಣಾ ದಿನಚರಿ, ಪೊಲೀಸ್ ಐಟಿ ತಂತ್ರಾಂಶದ ನಮೂದು, ನ್ಯಾಯಾಲಯದ ಸ್ವೀಕೃತಿ ಮೊಹರು ಮೂರೂ ಬೇರೆ ಬೇರೆ ಕೈಯಲ್ಲಿರುವುದರಿಂದ ಅದು ಸಿಕ್ಕಿಬೀಳುವುದೂ ಸುಲಭ.

ಮೂರು ಹಾಳೆ

ದೋಷ ಹುಡುಕಲು ಮೂರು ಹಾಳೆ ಬರೆದುಕೊಳ್ಳಿ. ಇವು ಕೇಸ್ ಡೈರಿಯ ಕಡೆ ಇರಲಿ, ಆರೋಪಿತನಿಗೆ ಕೊಡುವ ಪ್ರತಿಗಳ ನಡುವೆ ಸೇರಬಾರದು.

ಮೊದಲನೆಯದು ಸಮಯದ ಹಾಳೆ. ಘಟನೆ, ಆಸ್ಪತ್ರೆಯ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ನಮೂದು, ಫಿರ್ಯಾದಿ, ಎಫ್‌ಐಆರ್, ಅದು ಮ್ಯಾಜಿಸ್ಟ್ರೇಟರಿಗೆ ತಲುಪಿದ್ದು, ಸ್ಥಳ ಪಂಚನಾಮೆಯ ಆರಂಭ ಮತ್ತು ಮುಕ್ತಾಯ, ಬಂಧನ, ಜಪ್ತಿ, ಪಿಎಫ್ (ಜಪ್ತಿ ಮಾಲಿನ ವಿವರದ ನಮೂನೆ), ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ್ದು. ಪ್ರತಿಯೊಂದರ ಮುಂದೆ ಗಂಟೆ-ನಿಮಿಷ ಮತ್ತು ಅದು ಯಾವ ಕಾಗದದಲ್ಲಿದೆ ಎಂಬುದು. ಇದನ್ನು ಠಾಣಾ ದಿನಚರಿ ಮತ್ತು ಜೀಪಿನ ಲಾಗ್ ಬುಕ್ಕಿನ ಜೊತೆ ಹೊಂದಿಸಿ ನೋಡಿ. ಲಕ್ಷ್ಮೇಶ್ವರದಲ್ಲಿ ಹತ್ತರಿಂದ ಹನ್ನೊಂದೂವರೆಯವರೆಗೆ ಪಂಚನಾಮೆ ಮಾಡಿದ ಪಿಎಸ್‌ಐ ಅದೇ ಹನ್ನೊಂದಕ್ಕೆ ಸುಮಾರು 40 ಕಿಲೋಮೀಟರ್ ದೂರದ ಗದಗಿನ ಆಸ್ಪತ್ರೆಯಲ್ಲಿ ಗಾಯಾಳುವಿನ ಹೇಳಿಕೆ ಬರೆದುಕೊಂಡಂತೆ ಕಾಣುತ್ತಿದೆಯೇ? ಆರೋಪಿತರ ಪರ ವಕೀಲರು ಮೊದಲು ನೋಡುವುದು ಇದನ್ನೇ. ಇನ್ನೊಂದು ಹಳೆಯ ಕಾಯಿಲೆ, ಎಫ್‌ಐಆರ್ ಮಧ್ಯಾಹ್ನ ಎರಡಕ್ಕೆ ನೋಂದಣಿಯಾಗಿರುತ್ತದೆ, ಬೆಳಿಗ್ಗೆ ಹನ್ನೊಂದರ ಪಂಚನಾಮೆಯ ತಲೆಬರಹದಲ್ಲಿ ಅಪರಾಧ ಸಂಖ್ಯೆ ಆಗಲೇ ಕುಳಿತಿರುತ್ತದೆ. ಕಂಪ್ಯೂಟರಿನಲ್ಲಿ ಹಿಂದಿನ ಕೇಸಿನ ನಮೂನೆ ತೆಗೆದು ಅದರ ಮೇಲೇ ಟೈಪು ಮಾಡುವುದರಿಂದ ಆಗುವುದು ಇದು. ಸಂಖ್ಯೆಯನ್ನು ನಂತರ ಸೇರಿಸಿದ್ದು ನಿಜವಾದರೆ ಕೇಸ್ ಡೈರಿಯಲ್ಲಿ ಹಾಗೆಂದೇ ಬರೆದಿರಬೇಕು.

ಎರಡನೆಯದು ಅಂಶಗಳ ಹಾಳೆ. ಹಾಕಿದ ಪ್ರತಿ ಕಲಂ ಒಡೆದು, ಅದು ಸಾಬೀತಾಗಲು ಏನೇನು ಬೇಕೋ ಅದನ್ನು ಎಡಕ್ಕೆ ಬರೆಯಿರಿ. ಬಲಕ್ಕೆ ಸಾಕ್ಷಿಯ ಕ್ರಮಸಂಖ್ಯೆ, ದಾಖಲೆಯ ಪುಟ. ಬಲಗಡೆ ಖಾಲಿ ಉಳಿದರೆ ಒಂದೋ ಸಾಕ್ಷ್ಯ ತರಬೇಕು, ಇಲ್ಲವೇ ಕಲಂ ಕೈಬಿಡಬೇಕು. ಕೈಬಿಡಲು ಅಂಜಬೇಕಿಲ್ಲ. ಭಾರವಾಗಲಿ ಎಂದು ಹಾಕಿದ ಕಲಂ ನಿಂತಿರುವ ಕಲಂಗಳನ್ನೂ ಎಳೆದುಕೊಂಡು ಬೀಳುತ್ತದೆ.

ಮೂರನೆಯದು ಮುದ್ದೇಮಾಲಿನ ಹಾಳೆ: ಮಾಲು ಎಲ್ಲಿ ಸಿಕ್ಕಿತು, ಯಾರು ಮುಟ್ಟಿದರು, ಯಾವ ಸೀಲು, ಪಿಎಫ್ ಸಂಖ್ಯೆ, ಮುದ್ದೇಮಾಲು ಕೋಣೆಯ ರಜಿಸ್ಟರಿನ ಸಾಲು, ಯಾವ ಪೇದೆ ಯಾವ ದಿನ ಪ್ರಯೋಗಾಲಯಕ್ಕೆ ಒಯ್ದ, ಸ್ವೀಕೃತಿ, ವಾಪಸ್ ಬಂದ ದಿನ. ಮಾಲು ಒಯ್ದ ಪೇದೆ ಸಾಕ್ಷಿ ಪಟ್ಟಿಯಲ್ಲಿ ಇಲ್ಲದಿರುವುದು ಪದೇಪದೇ ಕಾಣುವ ಕೊರತೆ. ಆತನ ಎರಡು ಸಾಲಿನ ಹೇಳಿಕೆ ಇಲ್ಲದೆ ಕೊಂಡಿ ಕೂಡುವುದಿಲ್ಲ.

ಲಕ್ಷಣ: ‘ಆರೋಪಿತರ ಪಾತ್ರ ಸ್ಪಷ್ಟವಿಲ್ಲ’

ಹೊಲದ ಬದುವಿನ ಜಗಳ, ಜಾತ್ರೆಯ ಮೆರವಣಿಗೆಯ ಜಗಳ, ಗ್ರಾಮ ಪಂಚಾಯಿತಿ ಚುನಾವಣೆಯ ನಂತರದ ಜಗಳ ಮೂರರಲ್ಲೂ ಫಿರ್ಯಾದಿ ಒಂದೇ ಅಚ್ಚಿನಲ್ಲಿರುತ್ತದೆ: ‘ಆರೋಪಿತರೆಲ್ಲರೂ ಗುಂಪುಕಟ್ಟಿಕೊಂಡು ಬಂದು ಅವಾಚ್ಯ ಶಬ್ದಗಳಿಂದ ಬೈದು ಹೊಡಿಬಡಿ ಮಾಡಿ ಜೀವದ ಬೆದರಿಕೆ ಹಾಕಿರುತ್ತಾರೆ’. ಈ ಒಂದು ವಾಕ್ಯದ ಮೇಲೆ ಐದಾರು ಕಲಂ ನಿಲ್ಲಿಸಿರುತ್ತಾರೆ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೋಷಾರೋಪಣ ಪಟ್ಟಿಯ ಪ್ರತಿ ಅಂಕಣವೂ ಸ್ಪಷ್ಟವಾಗಿರಬೇಕು, ಪ್ರತಿಯೊಬ್ಬ ಆರೋಪಿತನ ಪಾತ್ರವನ್ನು ಬೇರೆಯಾಗಿ ಹೇಳಿರಬೇಕು ಎಂದಿತು. ಅದೇ ವರ್ಷ ಮಾರ್ಚ್‌ನಲ್ಲೂ ವರದಿಯಲ್ಲಿ ಏನೇನಿರಬೇಕು ಎಂದು ವಿವರವಾಗಿ ಹೇಳಿತ್ತು.

ಪರೀಕ್ಷೆ ಸರಳ. ಪ್ರತಿ ಆರೋಪಿತನಿಗೂ ಒಂದು ಸಾಲು: ಎಲ್ಲಿಂದ ಬಂದ, ಕೈಯಲ್ಲಿ ಏನಿತ್ತು, ಯಾರಿಗೆ, ದೇಹದ ಯಾವ ಭಾಗಕ್ಕೆ, ಎಷ್ಟು ಸಲ ಹೊಡೆದ, ಏನಂದ, ಇದನ್ನು ನೋಡಿದವರು ಯಾರು. ಸಾಲು ಖಾಲಿಯಾದರೆ ಆತನ ವಿರುದ್ಧ ಇರುವುದು ಹೆಸರು ಮಾತ್ರ. ಗಾಯಾಳು ಮತ್ತು ಕಂಡವರಿಂದ ಪುರವಣಿ ಹೇಳಿಕೆ ತೆಗೆದುಕೊಳ್ಳಿ, ಆದರೆ ಉತ್ತರವನ್ನು ಬಾಯಿಗೆ ತುರುಕಬೇಡಿ. ‘ಗೊತ್ತಾಗಲಿಲ್ಲ, ಗದ್ದಲಿತ್ತು’ ಅಂದರೆ ಅದನ್ನೇ ಬರೆಯಿರಿ.

ಬೈದದ್ದಕ್ಕೆ ಬಿಎನ್‌ಎಸ್ 352 ಹಾಕುವಿರಾದರೆ ಬೈದ ಮಾತೇ ಬೇಕು, ‘ಅವಾಚ್ಯ ಶಬ್ದ’ ಎಂಬ ಮುಸುಕು ಬೇಡ. ಮಾತು ಹೊಲಸಾಗಿದ್ದರೂ ಆಡಿದ ಹಾಗೆ ಬರೆಯಬೇಕು, ಶಾಂತಿಭಂಗಕ್ಕೆ ಕೆಣಕುವ ಮಾತು ಹೌದೋ ಅಲ್ಲವೋ ಎಂದು ನ್ಯಾಯಾಲಯ ತೀರ್ಮಾನಿಸುವುದು ಆ ಮಾತನ್ನು ಓದಿಯೇ. ಪರಿಶಿಷ್ಟ ಜಾತಿ-ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ: ಜಾತಿ ಹಿಡಿದು ಆಡಿದ ನಿಖರ ಮಾತು, ಆ ಜಾಗ ಸಾರ್ವಜನಿಕರ ಕಣ್ಣಿಗೆ ಬೀಳುವಂಥದ್ದೇ ಎಂಬ ವಿವರ, ಎರಡೂ ಕಡೆಯವರ ಜಾತಿ ಪ್ರಮಾಣಪತ್ರ, ನಿಯಮ 7ರಂತೆ ಡಿವೈಎಸ್‌ಪಿಗಿಂತ ಕಡಿಮೆಯಲ್ಲದ ಅಧಿಕಾರಿಯ ತನಿಖೆ.

ಲೆಕ್ಕದ ಒಂದು ಬಲೆಯೂ ಇದೆ. ಎಫ್‌ಐಆರ್‌ನಲ್ಲಿ ಆರು ಹೆಸರು, ತನಿಖೆಯಲ್ಲಿ ಇಬ್ಬರು ಊರಲ್ಲೇ ಇರಲಿಲ್ಲವೆಂದು ತಿಳಿದು ಅವರನ್ನು ಕೈಬಿಟ್ಟಾಯಿತು, ಉಳಿದವರು ನಾಲ್ಕು. ದೋಷಾರೋಪಣ ಪಟ್ಟಿಯಲ್ಲಿ ಮಾತ್ರ ಅಕ್ರಮ ಕೂಟ, ದೊಂಬಿಯ ಕಲಂಗಳಾದ 189(2), 191(2), 190 ಹಾಗೇ ಇವೆ. ಅಕ್ರಮ ಕೂಟಕ್ಕೆ ಕನಿಷ್ಠ ಐವರು ಬೇಕು. ಗುರುತು ಸಿಗದ ಇತರರಿದ್ದರು ಎಂಬ ಸಾಕ್ಷ್ಯ ಇಲ್ಲದಿದ್ದರೆ ಸಮಾನ ಉದ್ದೇಶದ 3(5) ಹೊಂದುತ್ತದೆಯೇ ನೋಡಿ.

ಎದುರು ಕೇಸು ಇದ್ದರೆ ಎರಡನ್ನೂ ಒಬ್ಬರೇ ತನಿಖೆ ಮಾಡಿ ಒಟ್ಟಿಗೆ ಕಳಿಸಬೇಕು, ಒಂದರ ವರದಿಯಲ್ಲಿ ಇನ್ನೊಂದರ ಸಂಖ್ಯೆ ಕಾಣಿಸಬೇಕು. ಆರೋಪಿತರ ಕಡೆಯವರಿಗೂ ಗಾಯವಾಗಿದ್ದು ಅದರ ಬಗ್ಗೆ ಫೈಲು ತುಟಿಬಿಚ್ಚದಿದ್ದರೆ ಫಿರ್ಯಾದಿಯ ಕಥೆ ಅರ್ಧ ಅಲ್ಲೇ ಸೋಲುತ್ತದೆ.

ಲಕ್ಷಣ: ಗಾಯ, ಆಯುಧ, ಹೇಳಿಕೆ ಮೂರೂ ಹೊಂದುತ್ತಿಲ್ಲ

ಹೇಳಿಕೆಯಲ್ಲಿ ‘ಕುಡುಗೋಲಿನಿಂದ ತಲೆಗೆ ಹೊಡೆದ’. ಗಾಯದ ಪ್ರಮಾಣಪತ್ರದಲ್ಲಿ ಜಜ್ಜಿದ ಗಾಯ. ಜಪ್ತಿ ಪಂಚನಾಮೆಯಲ್ಲಿ ಬಡಿಗೆ. ಇಂಥ ಫೈಲು ಎಪಿಪಿ ಕೈಗೆ ಬಂದರೆ ಮೊದಲ ಪ್ರಶ್ನೆ: ಯಾವುದು ನಿಜ?

ಕಾರಣ ಮೂರು ಕಡೆ ಇರಬಹುದು. ಕುಡುಗೋಲಿನ ಹಿಂಬದಿಯಿಂದ ಹೊಡೆದಿರಬಹುದು. ಹಾಗಿದ್ದರೆ ಸಾಕ್ಷಿಯನ್ನು ಕೇಳಿ ಪುರವಣಿ ಹೇಳಿಕೆಯಲ್ಲಿ ತರಬೇಕು. ಬರೆದುಕೊಂಡವರು ಆಡುಮಾತನ್ನು ತಮ್ಮ ಮಾತಿಗೆ ತಿರುಗಿಸಿ ಕೊಡಲಿಯನ್ನು ಕುಡುಗೋಲು ಮಾಡಿರಬಹುದು. ಇಲ್ಲವೇ ಸಾಕ್ಷಿ ಉಬ್ಬಿಸಿ ಹೇಳಿರಬಹುದು. ಯಾವುದೆಂದು ತಿಳಿಯಲು ಮೊದಲು ನೋಡಬೇಕಾದದ್ದು ಎಂಎಲ್‌ಸಿ ರಜಿಸ್ಟರಿನಲ್ಲಿ ಗಾಯಾಳು ವೈದ್ಯರಿಗೆ ಹೇಳಿದ ಕಾರಣ. ಹಾವೇರಿ ಅಥವಾ ಗದಗಿನ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಪಡೆದು ಹುಬ್ಬಳ್ಳಿಯ ಕಿಮ್ಸ್‌ಗೆ ಹೋದವರ ವಿಷಯದಲ್ಲಿ ಎರಡೂ ಕಡೆಯ ನಮೂದು ತರಿಸಬೇಕು. ಮೊದಲ ಕಡೆ ‘ಬೈಕಿನಿಂದ ಬಿದ್ದು’, ಎರಡನೇ ಕಡೆ ‘ಹೊಡೆದು’ ಎಂದಿದ್ದರೆ ಆಸ್ಪತ್ರೆಗೆ ಕರೆತಂದವರು ಯಾರು, ಆ ಮಾತು ಹೇಳಿದವರು ಯಾರು ಎಂದು ವಿಚಾರಿಸಿ ಹೇಳಿಕೆ ಪಡೆಯಿರಿ. ಎರಡನೆಯದನ್ನು ಮಾತ್ರ ಫೈಲಿಗೆ ಹಾಕಿ ಮೊದಲನೆಯದನ್ನು ಬಿಟ್ಟರೆ ಅದನ್ನು ಆರೋಪಿತರ ಕಡೆಯವರೇ ತರಿಸುತ್ತಾರೆ.

ಆಯುಧ ಜಪ್ತಿಯಾದ ಮೇಲೆ ಅದನ್ನು ಸೀಲು ಸಮೇತ ವೈದ್ಯರಿಗೆ ತೋರಿಸಿ ಬರಹದಲ್ಲಿ ಕೇಳಬೇಕಾದದ್ದು: ಈ ಗಾಯ ಈ ಆಯುಧದಿಂದ ಆಗಬಹುದೇ, ಯಾವ ಕಡೆಯಿಂದ, ಪರೀಕ್ಷಿಸಿದಾಗ ಗಾಯ ಎಷ್ಟು ಹೊತ್ತಿನದು. ತೀವ್ರ ಗಾಯವೆಂದರೆ ಬಿಎನ್‌ಎಸ್ 116ರ ಯಾವ ಉಪಖಂಡ ಎಂದೂ ಕೇಳಿ. ಹಳೆಯ ಐಪಿಸಿಯಲ್ಲಿ 20 ದಿನ ತೀವ್ರ ನೋವು ಅಥವಾ ನಿತ್ಯದ ಕೆಲಸಕ್ಕೆ ಅಡ್ಡಿ ಎಂದಿದ್ದುದು ಈಗ 15 ದಿನಕ್ಕೆ ಇಳಿದಿದೆ. ಹಳೆಯ ಲೆಕ್ಕದಲ್ಲಿ ‘ಸಾದಾ’ ಎಂದು ಬಂದ ಅಭಿಪ್ರಾಯವನ್ನು ಹೊಸ ಕಲಂ ತೋರಿಸಿ ಮರುಪರಿಶೀಲನೆಗೆ ಕೇಳಬಹುದು. ಎಲುಬು ಮುರಿತಕ್ಕೆ ಎಕ್ಸ್-ರೇ ಫಿಲ್ಮ್ ಅಥವಾ ಸಿಡಿ, ಅದರ ಸಂಖ್ಯೆ, ವರದಿ ಕೊಟ್ಟ ವೈದ್ಯರ ಹೆಸರು ಸಾಕ್ಷಿ ಪಟ್ಟಿಯಲ್ಲಿ. ಹಲ್ಲು ಬಿದ್ದಿದ್ದರೆ ದಂತವೈದ್ಯರ ವರದಿ. ಮೊದಲೇ ಅಲುಗಾಡುತ್ತಿತ್ತು ಎಂಬ ವಾದ ಬಂದೇ ಬರುತ್ತದೆ.

ಪಂಚನಾಮೆಯಲ್ಲಿ ಆಯುಧದ ಉದ್ದ, ದಪ್ಪ, ಹಿಡಿಕೆ, ಕಲೆ ಇದ್ದರೆ ಎಲ್ಲಿ ಎಂಬುದು ಅಳತೆ ಸಮೇತ ಇರಲಿ. ರಕ್ತದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಕಟ್ಟಬೇಕು. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಕೊಳೆತು, ರಕ್ತದ ಗುಂಪು ಹೇಳಲಾಗದು ಎಂಬ ವರದಿ ಬರುತ್ತದೆ. ಒಬ್ಬೊಬ್ಬರ ಬಟ್ಟೆ ಬೇರೆ ಬೇರೆ ಕವರು. ಸೀಲಿನ ಅಕ್ಷರ ಪಂಚನಾಮೆ, ಮಾದರಿ ಸೀಲು, ಪ್ರಯೋಗಾಲಯದ ಪತ್ರ ಮೂರರಲ್ಲೂ ಒಂದೇ ಇರಬೇಕು.

ಲಕ್ಷಣ: ಪಂಚರು ಮತ್ತು ಸಾಕ್ಷಿಗಳು ಉಳಿಯುತ್ತಿಲ್ಲ

ಒಂದೇ ಠಾಣೆಯ ಹತ್ತು ಫೈಲು ತೆರೆದರೆ ಐದರಲ್ಲಿ ಠಾಣೆ ಎದುರಿನ ಚಹಾದಂಗಡಿಯವರದೇ ಸಹಿ. ಬಿಎನ್‌ಎಸ್‌ಎಸ್ 103 ಕೇಳುವುದು ಶೋಧನೆ ನಡೆಯುವ ಜಾಗದ ಇಬ್ಬರು ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು. ಅಕ್ಕಪಕ್ಕದವರು ಒಪ್ಪದಿದ್ದರೆ ಯಾರನ್ನು ಕರೆದಿರಿ, ಏನಂದು ನಿರಾಕರಿಸಿದರು ಎಂಬುದನ್ನು ಪಂಚನಾಮೆಯಲ್ಲೇ ಬರೆಯಿರಿ. ಈಗ ಕಲಂ 105ರಂತೆ ಶೋಧನೆ, ಜಪ್ತಿ, ಪಟ್ಟಿ ಬರೆಯುವುದು, ಪಂಚರು ಸಹಿ ಮಾಡುವುದೆಲ್ಲವೂ ಧ್ವನಿ-ದೃಶ್ಯದಲ್ಲಿ ದಾಖಲಾಗಬೇಕು, ಆ ದಾಖಲೆ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಇದರಲ್ಲಿ ಹೆಚ್ಚಾಗಿ ಕಾಣುವ ದೋಷ, ವಿಡಿಯೊ ಮಾಲು ಹೊರತೆಗೆದ ಮೇಲೆ ಶುರುವಾಗಿರುತ್ತದೆ, ಅಥವಾ ಸಹಿಯ ಮೊದಲೇ ನಿಂತಿರುತ್ತದೆ. ವಿಡಿಯೊದಲ್ಲಿ ಕಾಣುವ ಗಂಟೆ ಪಂಚನಾಮೆಯ ಗಂಟೆಗೆ ಹೊಂದುತ್ತದೆಯೇ ಎಂದು ಸಮಯದ ಹಾಳೆಯಲ್ಲಿ ನೋಡಿ.

ಸಾಕ್ಷಿಗಳ ಹೇಳಿಕೆ ಅಕ್ಷರಶಃ ಒಂದೇ ಇದ್ದರೆ, ಕಾಗುಣಿತದ ತಪ್ಪೂ ಒಂದೇ ಇದ್ದರೆ, ಅದು ನಕಲು ಎಂದು ಹೇಳಲು ವಕೀಲರೇ ಬೇಕಿಲ್ಲ. ಪೊಲೀಸರು ಬರೆದುಕೊಳ್ಳುವ ಬಿಎನ್‌ಎಸ್‌ಎಸ್ ಕಲಂ 180ರ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಬಾರದು. 181 ಅದನ್ನು ತಡೆಯುತ್ತದೆ, ಆದರೂ ಸಹಿ ಇರುವ ಫೈಲು ಬರುತ್ತಲೇ ಇವೆ. ತಾಂಡಾದ ಲಂಬಾಣಿ ಹೆಂಗಸು, ಸವಣೂರಿನ ಉರ್ದು ಮಾತಾಡುವ ವೃದ್ಧೆ ಅಚ್ಚ ಠಾಣೆಗನ್ನಡದಲ್ಲಿ ‘ಸದರಿಯವರು’ ಎಂದು ಹೇಳಿಕೆ ಕೊಟ್ಟಂತಿದ್ದರೆ, ಅನುವಾದಿಸಿದವರು ಯಾರು ಎಂಬ ಸಾಲು ಎಲ್ಲಿದೆ?

ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಕಲಂ 183ರಡಿ ದಾಖಲಿಸಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಸಾಕ್ಷಿ ತಿರುಗಿಬೀಳುವ ಸಂಶಯವಿರುವಲ್ಲಿ ಇದನ್ನು ಮೊದಲ ವಾರದಲ್ಲೇ ಬಳಸಿ. ವಿಳಾಸದ ಮಾತೂ ಇಲ್ಲೇ: ರೋಣ, ಮುಂಡರಗಿ ಕಡೆಯಿಂದ ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುವವರಿಗೆ ಊರಿನ ವಿಳಾಸ ಮಾತ್ರ ಬರೆದರೆ ಸಮನ್ಸು ‘ಊರಲ್ಲಿಲ್ಲ’ ಎಂದು ಮರಳುತ್ತದೆ. ಊರಲ್ಲೇ ಉಳಿಯುವ ಒಬ್ಬ ಸಂಬಂಧಿಕರ ಹೆಸರು, ಕೆಲಸದ ಜಾಗ, ಕೂಲಿಗೆ ಕರೆದೊಯ್ಯುವ ಮುಕಾದಮನ ಹೆಸರು ಕೇಸ್ ಡೈರಿಯಲ್ಲಿ ಇರಲಿ.

ಲಕ್ಷಣ: ಸಿಸಿಟಿವಿ, ಮೊಬೈಲ್ ಇದ್ದೂ ಪ್ರಯೋಜನವಿಲ್ಲ

ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯ ಕ್ಯಾಮೆರಾದಲ್ಲಿ ಕಳ್ಳ ಕಾಣುತ್ತಾನೆ, ಪೆನ್‌ಡ್ರೈವ್ ಫೈಲಿನಲ್ಲಿದೆ, ಆದರೂ ಸಾಕ್ಷ್ಯವಾಗಿ ಅದು ಒಳಬರುವುದಿಲ್ಲ. ಕಾರಣ ಒಂದೋ ಬಿಎಸ್‌ಎ 63ರ ಪ್ರಮಾಣಪತ್ರ ಇಲ್ಲ, ಇಲ್ಲವೇ ಇದ್ದೂ ಅರ್ಧ ಮಾತ್ರ. ಪ್ರತಿಯನ್ನು ಹಾಜರುಪಡಿಸಲು ಈ ಪ್ರಮಾಣಪತ್ರ ಕಡ್ಡಾಯವೆಂದು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕುರಿತು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿತ್ತು. ಹೊಸ ಅಧಿನಿಯಮದ ಅನುಸೂಚಿಯಲ್ಲಿ ನಮೂನೆಯೇ ಇದೆ: ಭಾಗ ಎ ಉಪಕರಣ ಯಾರ ಸುಪರ್ದಿಯಲ್ಲಿದೆಯೋ ಅವರು ತುಂಬುವುದು, ಭಾಗ ಬಿ ತಜ್ಞರು. ಎರಡರಲ್ಲೂ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಕೇತ) ಬರೆಯಬೇಕು, ಯಾವ ವಿಧಾನವೆಂದು ಗುರುತು ಹಾಕಬೇಕು: ಎಸ್‌ಎಚ್‌ಎ1, ಎಸ್‌ಎಚ್‌ಎ256, ಎಂಡಿ5 ಅಥವಾ ಬೇರೆ. ಅಂಗಡಿಯವರ ಬದಲು ತನಿಖಾಧಿಕಾರಿಯೇ ಭಾಗ ಎಗೆ ಸಹಿ ಹಾಕಿರುವುದು, ಭಾಗ ಬಿ ಖಾಲಿ ಬಿಟ್ಟಿರುವುದು ಈಗಿನ ಸಾಮಾನ್ಯ ಕೊರತೆಗಳು. ಹ್ಯಾಶ್ ಅನ್ನು ಜಪ್ತಿಯ ಜಾಗದಲ್ಲೇ, ಪಂಚರ ಮುಂದೆ ತೆಗೆದು ಪಂಚನಾಮೆಗೆ ಬರೆದುಕೊಂಡಿದ್ದರೆ ಮುಂದೆ ಎಲ್ಲರ ಅಂಕಿ ಅದಕ್ಕೇ ಹೊಂದಬೇಕು. ಒಂದು ಅಕ್ಷರ ಬೇರೆಯಾದರೂ ಕಡತ ಬದಲಾಗಿದೆ ಎಂದೇ ಅರ್ಥ.

ಕ್ಯಾಮೆರಾದ ದೃಶ್ಯ ದಾಖಲಿಸುವ ಯಂತ್ರದ (ಡಿವಿಆರ್) ಗಡಿಯಾರ ಸರಿಯಿರುವುದು ಅಪರೂಪ. ಆ ಕ್ಷಣದ ಮೊಬೈಲ್ ನೆಟ್‌ವರ್ಕಿನ ಸಮಯಕ್ಕೆ ಹೋಲಿಸಿ ‘ಡಿವಿಆರ್ 7 ನಿಮಿಷ ಮುಂದಿದೆ’ ಎಂದು ಪಂಚನಾಮೆಯಲ್ಲಿ ಬರೆಯಿರಿ. ಬರೆಯದಿದ್ದರೆ ಆ ಏಳು ನಿಮಿಷವೇ ಆರೋಪಿತನಿಗೆ ಬೇರೆ ಕಡೆ ಇದ್ದೆನೆಂಬ ವಾದ ಕಟ್ಟಿಕೊಡುತ್ತದೆ. ಕೆಲವು ಡಿವಿಆರ್‌ಗಳ ದೃಶ್ಯ ಅದೇ ಕಂಪನಿಯ ಪ್ಲೇಯರಿನಲ್ಲಿ ಮಾತ್ರ ತೆರೆಯುತ್ತದೆ. ಪ್ಲೇಯರನ್ನೂ ಜೊತೆಗೆ ಹಾಕದಿದ್ದರೆ ನ್ಯಾಯಾಲಯದಲ್ಲಿ ಕಪ್ಪು ಪರದೆ. ಪೆನ್‌ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿದ್ದರೆ 4 ಜಿಬಿ ಮೀರಿದ ಒಂದೇ ಕಡತ ಅದರಲ್ಲಿ ಕೂರುವುದಿಲ್ಲ, ಆಗ ತುಂಡು ಮಾಡಿ ಹಾಕುತ್ತಾರೆ, ಹ್ಯಾಶ್ ಬೇರೆಯಾಗುತ್ತದೆ. ಎಕ್ಸ್‌ಫ್ಯಾಟ್ ಮಾದರಿಗೆ ತಂದ ಹೊಸ ಡ್ರೈವ್ ಬಳಸಿ. ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತ ಹೋಗುವ ಯಂತ್ರ ಡಿವಿಆರ್, ಆದ್ದರಿಂದ ಮೊದಲ ದಿನವೇ ಹೋಗಬೇಕು. ಬಿಆರ್‌ಟಿಎಸ್ ನಿಲ್ದಾಣಗಳಂಥ ಕಡೆಯ ದೃಶ್ಯಕ್ಕೆ ಅಂದೇ ಬರಹದಲ್ಲಿ ಕೋರಿಕೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಜಪ್ತಿ ಮಾಡಿದ ಮೊಬೈಲಿನ ಐಎಂಇಐ ಎರಡು ಸಿಮ್ಮಿನದಾದರೆ ಎರಡೂ ಬರೆಯಬೇಕು, ಕರೆ ವಿವರದಲ್ಲಿರುವ ಸಂಖ್ಯೆಗೆ ತಾಳೆ ನೋಡಬೇಕು. ಸೀಲು ಹಾಕುವ ಬದಲು ಠಾಣೆಯಲ್ಲಿ ತೆರೆದು ವಾಟ್ಸಾಪ್ ಜಾಲಾಡಿದರೆ ಪ್ರಯೋಗಾಲಯದ ವರದಿಯಲ್ಲಿ ‘ಕೊನೆಯ ಬಳಕೆ’ ಜಪ್ತಿಯ ನಂತರದ ದಿನಾಂಕ ತೋರಿಸುತ್ತದೆ. ಇದು ವಾಸಿಯಾಗದ ಗಾಯ. ಯಾರು, ಯಾಕೆ, ಎಷ್ಟು ಹೊತ್ತು ತೆರೆದರೆಂದು ದಾಖಲಿಸಿ ಎಪಿಪಿಗೆ ತಿಳಿಸುವುದೊಂದೇ ದಾರಿ. ವರದಿಯಲ್ಲಿ ಎಲೆಕ್ಟ್ರಾನಿಕ್ ಉಪಕರಣ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಅನುಕ್ರಮ ಇರಬೇಕೆಂದು ಬಿಎನ್‌ಎಸ್‌ಎಸ್ ಕಲಂ 193(3) ಈಗ ನೇರವಾಗಿ ಕೇಳುತ್ತದೆ. ಮೂರನೇ ಹಾಳೆ ಇದ್ದರೆ ಅದನ್ನೇ ಇಳಿಸಿದರಾಯಿತು.

ಸ್ವಇಚ್ಛಾ ಹೇಳಿಕೆ

ಆರೋಪಿತನ ನಾಲ್ಕು ಪುಟದ ತಪ್ಪೊಪ್ಪಿಗೆ ಬರೆದು ಫೈಲು ದಪ್ಪ ಮಾಡುವುದರಿಂದ ಏನೂ ಸಿಗದು. ಬಿಎಸ್‌ಎ 23ರ ಪರಂತುಕದಲ್ಲಿ ಒಳಬರುವುದು ಹೊಸ ಸಂಗತಿಯ ಪತ್ತೆಗೆ ದಾರಿಯಾದ ಆ ಒಂದೆರಡು ವಾಕ್ಯ ಮಾತ್ರ: ಎಲ್ಲಿ ಬಚ್ಚಿಟ್ಟೆ, ತೋರಿಸಿಕೊಡುತ್ತೇನೆ. ಅವು ಆತನ ಮಾತಿನಲ್ಲೇ ಇರಬೇಕು. 2024ರ ಏಪ್ರಿಲ್‌ನಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನಿಖಾಧಿಕಾರಿ ಕಟಕಟೆಯಲ್ಲಿ ಆ ಮಾತುಗಳನ್ನು ಹೇಳದೆ ಕಾಗದವನ್ನು ಗುರುತಿಸಿಬಿಟ್ಟರೆ ಸಾಲದು ಎಂದಿತು. ಹೇಳಿಕೆ ಬರೆದ ಮೇಲೆ ಹೊರಟಿರಬೇಕು, ಪಂಚರು ಹೊರಡುವಾಗಿನಿಂದ ಜೊತೆಗಿರಬೇಕು. ಎಲ್ಲರೂ ಓಡಾಡುವ ಬಯಲಿನಲ್ಲಿ ಸಿಕ್ಕಿದ್ದಾದರೆ ಮಾಲು ಕಣ್ಣಿಗೆ ಬೀಳದಂತೆ ಹೇಗೆ ಮುಚ್ಚಿತ್ತು ಎಂಬುದನ್ನು ಬರೆಯಿರಿ, ಫೋಟೊ ತೆಗೆಯಿರಿ.

ಲಕ್ಷಣ: ಸಾಕ್ಷ್ಯ ಚೆನ್ನಾಗಿದೆ, ಕೇಸೇ ನಿಲ್ಲುವುದಿಲ್ಲ

ಇಲ್ಲಿ ದೋಷ ಅನುಮತಿಯಲ್ಲಿರುತ್ತದೆ. ಬರೀ ಅಸಂಜ್ಞೇಯ ಅಪರಾಧವಾದರೆ, ಉದಾಹರಣೆಗೆ ಬಿಎನ್‌ಎಸ್ 115(2) (ಸಾದಾ ಗಾಯ), 352 (ಬೈಗುಳ), 351(2) (ಬೆದರಿಕೆ) ಮಾತ್ರ, ಬಿಎನ್‌ಎಸ್‌ಎಸ್ ಕಲಂ 174(2)ರ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ತನಿಖೆ ಮಾಡುವಂತಿಲ್ಲ. ಆದೇಶವೂ ಕೋರಿಕೆಯ ಮೂಲೆಯಲ್ಲಿ ‘ಅನುಮತಿಸಿದೆ’ ಎಂಬ ಒಂದು ಪದವಾದರೆ ಸಾಲದೆಂದು ನಮ್ಮ ಹೈಕೋರ್ಟ್ ಇಂಥ ಪ್ರಕರಣಗಳನ್ನು ರದ್ದುಮಾಡಿದ್ದುಂಟು. ಆದ್ದರಿಂದ ಕೋರಿಕೆಯಲ್ಲೇ ಫಿರ್ಯಾದಿಯ ಪ್ರತಿ, ಸಂಗತಿ, ಕಲಂ ಇಟ್ಟು ಕಳಿಸಿ. ಒಂದಾದರೂ ಸಂಜ್ಞೇಯ ಅಪರಾಧ ಜೊತೆಗಿದ್ದರೆ ಈ ತೊಡಕಿಲ್ಲ.

ತುಂಗಭದ್ರೆಯ ದಂಡೆಯ ಶಿರಹಟ್ಟಿ, ಮುಂಡರಗಿ, ರಾಣೆಬೆನ್ನೂರು ಕಡೆ ಮರಳಿನ ಟ್ರ್ಯಾಕ್ಟರು ಹಿಡಿದ ಪ್ರಕರಣಗಳಲ್ಲಿ ಗಣಿ ಮತ್ತು ಖನಿಜ ಕಾಯ್ದೆಯ ಅಪರಾಧಕ್ಕೆ ಕಲಂ 22ರಂತೆ ಅಧಿಕೃತ ಅಧಿಕಾರಿಯ ಲಿಖಿತ ದೂರು ಬೇಕು, ಪೊಲೀಸ್ ವರದಿ ಸಾಲದು. ಕಳವಿನ ಕಲಂ 303(2) ಬೇರೆಯೇ ಅಪರಾಧವಾಗಿ ನಿಲ್ಲಬಲ್ಲದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದರೆ ಅದಕ್ಕೂ ಮರಳು ಸರ್ಕಾರಿ ನದಿಪಾತ್ರದಿಂದ ಬಂದದ್ದೇ ಎಂಬ ಸಾಕ್ಷ್ಯ ಬೇಕು. ಹಲವು ಫೈಲುಗಳಲ್ಲಿ ಟ್ರ್ಯಾಕ್ಟರು ರಸ್ತೆಯಲ್ಲಿ ಸಿಕ್ಕಿದ್ದಷ್ಟೇ ಇದೆ, ನದಿಯಲ್ಲಿ ತೋಡಿದ ಜಾಗದ ಪಂಚನಾಮೆಯೇ ಇಲ್ಲ.

ನಾಡಪಿಸ್ತೂಲಿಗೆ ಆಯುಧ ಕಾಯ್ದೆ 39ರ ಅನುಮತಿ, ಅದು ಸಿಡಿಯುವ ಸ್ಥಿತಿಯಲ್ಲಿದೆ ಎಂಬ ತಜ್ಞ ವರದಿ. ಕೋಮುದ್ವೇಷದ ಪೋಸ್ಟುಗಳಲ್ಲಿ ಬಿಎನ್‌ಎಸ್ 196, 299 ಇದ್ದರೆ ಬಿಎನ್‌ಎಸ್‌ಎಸ್ 217ರಡಿ ಸರ್ಕಾರದ ಅನುಮತಿ. ಅನುಮತಿ ಬಂದಿಲ್ಲವೆಂದು ಪಟ್ಟಿ ಸಲ್ಲಿಸುವುದನ್ನು ಮುಂದೂಡಬೇಡಿ. ಅನುಮತಿ ಬಾಕಿಯಿದ್ದ ಮಾತ್ರಕ್ಕೆ ಪಟ್ಟಿ ಅಪೂರ್ಣವೆಂದು ಡಿಫಾಲ್ಟ್ ಜಾಮೀನು (ಗಡುವಿನೊಳಗೆ ಪಟ್ಟಿ ಸಲ್ಲಿಸದಿದ್ದರೆ ಸಿಗುವ ಜಾಮೀನು) ಕೇಳುವಂತಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಉದ್ರಿ ಮೆಣಸಿನಕಾಯಿ ಒಯ್ದು ದುಡ್ಡು ಕೊಡದವನ ಮೇಲೆ ವಂಚನೆಯ ಕಲಂ 318(4) ಹಾಕುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಮಾಲು ಒಯ್ಯುವ ದಿನವೇ ಮೋಸದ ಉದ್ದೇಶ ಇತ್ತೆಂದು ಏನು ತೋರಿಸುತ್ತದೆ? ಸುಳ್ಳು ಅಂಗಡಿಯ ಹೆಸರು, ಮುಚ್ಚಿದ ಖಾತೆಯ ಚೆಕ್ಕು, ಅದೇ ವಾರ ಹಲವರಿಂದ ಇದೇ ರೀತಿ ಒಯ್ದದ್ದು, ಇಂಥದ್ದು ಬೇಕು. ಇಲ್ಲದಿದ್ದರೆ ಅದು ಬಾಕಿ ವಸೂಲಿಯ ದಾವೆ. ಒಂದೇ ಸಂಗತಿಗೆ ನಂಬಿಕೆದ್ರೋಹ, ವಂಚನೆ ಎರಡೂ ಕೂಡಿ ಬರಲಾರವು ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿದ ಮೇಲೂ 316, 318 ಜೋಡಿಯಾಗಿ ಬರುವುದು ನಿಂತಿಲ್ಲ.

ಗಾಂಜಾ ಫೈಲುಗಳಲ್ಲಿ ತೂಕ ನೋಡಿ. 1 ಕಿಲೋದವರೆಗೆ ಸಣ್ಣ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಚೀಲದ ತೂಕ ಸೇರಿಸಿ 1 ಕಿಲೋ 40 ಗ್ರಾಂ ಎಂದು ಬರೆದರೆ ಇಡೀ ಕೇಸು ಆ ಚೀಲದ ಮೇಲೆ ನಿಂತಿರುತ್ತದೆ. ಮಾದಕವಸ್ತು ಕಾಯ್ದೆಯ (ಎನ್‌ಡಿಪಿಎಸ್) ಪ್ರಕಾರ ಗಾಂಜಾ ಎಂದರೆ ಹೂ-ಕಾಯಿ ಬಿಟ್ಟ ತುದಿ. ಹೊಲದ ಗಿಡವನ್ನು ಬೇರು, ಕಾಂಡ, ಮಣ್ಣು ಸಮೇತ ತೂಗಬಾರದು. ಗುಪ್ತ ಮಾಹಿತಿಯ ಲಿಖಿತ ಪ್ರತಿ 72 ಗಂಟೆಯೊಳಗೆ ಮೇಲಧಿಕಾರಿಗೆ, ಅದೇ ಕಾಯ್ದೆಯ ಕಲಂ 57ರ ವರದಿ 48 ಗಂಟೆಯೊಳಗೆ, 52ಎ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಮಾದರಿ.

ಗಡುವಿನ ಲೆಕ್ಕ

ಆರೋಪಿತ ಬಂಧನದಲ್ಲಿದ್ದಾಗ ಪಟ್ಟಿ ಸಲ್ಲಿಸಲು ಇರುವ 60 ಅಥವಾ 90 ದಿನದ ಗಡುವಿನಲ್ಲಿ ರಿಮಾಂಡ್ ಆದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಮಾರ್ಚ್ 5ಕ್ಕೆ ಮೊದಲ ರಿಮಾಂಡ್ ಆದರೆ 60ನೆಯ ದಿನ ಮೇ 3, 90ನೆಯದು ಜೂನ್ 2. ಕೊನೆಯ ದಿನ ಭಾನುವಾರವೆಂದು ಸೋಮವಾರಕ್ಕೆ ನೆಚ್ಚಬೇಡಿ. ಶಿಕ್ಷೆ ‘ಹತ್ತು ವರ್ಷದವರೆಗೆ’ ಎಂದಷ್ಟೇ ಇರುವ ಅಪರಾಧಕ್ಕೆ 90 ದಿನ ಇದೆಯೆಂದು ಕೂರದೆ 60 ಎಂದೇ ಓಡಿ. ಅತ್ಯಾಚಾರ, ಪೋಕ್ಸೊ ತನಿಖೆಗೆ ಎಫ್‌ಐಆರ್‌ನಿಂದ ಎರಡು ತಿಂಗಳು. ಜಾಮೀನಿನ ಮೇಲಿರುವವರ ಸಣ್ಣ ಕೇಸುಗಳು ಕಪಾಟಿನಲ್ಲೇ ಕೊಳೆಯುತ್ತವೆ. ಬಿಎನ್‌ಎಸ್‌ಎಸ್ ಕಲಂ 514ರ ಕಾಲಮಿತಿ, ದಂಡ ಮಾತ್ರದ್ದಕ್ಕೆ ಆರು ತಿಂಗಳು, ಒಂದು ವರ್ಷದವರೆಗಿನ ಶಿಕ್ಷೆಗೆ ಒಂದು ವರ್ಷ, ಮೂರು ವರ್ಷದವರೆಗಿನದಕ್ಕೆ ಮೂರು ವರ್ಷ, ಇವನ್ನು ಹೊದಿಕೆಯ ಮೇಲೇ ಕೆಂಪು ಶಾಯಿಯಲ್ಲಿ ಬರೆದಿಡಿ.

ಎಪಿಪಿಗೆ 45ನೆಯ ದಿನದ ಹೊತ್ತಿಗೆ ಫೈಲು ತಲುಪಿದರೆ ಆಕ್ಷೇಪಣೆ ತುಂಬಲು ಎರಡು ವಾರ ಸಿಗುತ್ತದೆ. 58ನೆಯ ದಿನ ಸಂಜೆ ತಂದ ಫೈಲಿಗೆ ಸಿಗುವುದು ಮೊಹರು ಮಾತ್ರ. ಒಂದು ಮಾತು: ಅಭಿಯೋಜಕರು ಸಲಹೆ ಕೊಡಬಹುದು, ಪಟ್ಟಿ ಹಾಕಬೇಕೋ ಬಿ ರಿಪೋರ್ಟೋ (ಪ್ರಕರಣ ಮುಕ್ತಾಯದ ವರದಿ) ಎಂಬ ತೀರ್ಮಾನ ತನಿಖಾಧಿಕಾರಿಯದೇ. ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಖಚಿತಪಡಿಸಿದೆ. ‘ಎಪಿಪಿ ಸಾಹೇಬರು ಹೇಳಿದರು’ ಎಂದು ಕೇಸ್ ಡೈರಿಯಲ್ಲಿ ಬರೆದು ಕೈತೊಳೆದುಕೊಳ್ಳುವಂತಿಲ್ಲ.

ಪೋಣಿಸುವಾಗ

ಪುಟಸಂಖ್ಯೆ ಮತ್ತು ಸೂಚಿ ಇರಲೇಬೇಕು. ಸೂಚಿ ಸಮೇತ ಪ್ರತಿಗಳನ್ನು ಕೊಡಬೇಕೆಂದು 193(8) ಹೇಳುತ್ತದೆ, ಅವನ್ನು ಆರೋಪಿತನಿಗೆ ಮತ್ತು ವಕೀಲರ ಮೂಲಕ ಬಂದ ಸಂತ್ರಸ್ತರಿಗೆ 14 ದಿನದೊಳಗೆ ತಲುಪಿಸುವುದು ಕಲಂ 230. ಆರೋಪಿತರು ಆರು ಜನರಾದರೆ ಪ್ರತಿಯೂ ಆರು. ಪೆನ್‌ಡ್ರೈವಿನ ಪ್ರತಿಯನ್ನು ಮರೆಯುವುದೇ ಹೆಚ್ಚು, ಅದಕ್ಕಾಗಿಯೇ ತಾರೀಖುಗಳು ಹೋಗುತ್ತವೆ. ವೈದ್ಯರ ಕೈಬರಹ ಓದಲಾಗದಿದ್ದರೆ ಟೈಪು ಪ್ರತಿಯನ್ನು ಅವರಿಂದಲೇ ದೃಢೀಕರಿಸಿ ತನ್ನಿ. ಅವಲಂಬಿಸದ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿಯನ್ನೂ ಆರೋಪಿತನಿಗೆ ಕೊಡಬೇಕೆಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ, ಆದ್ದರಿಂದ ಬೇಡವೆನಿಸಿದ್ದನ್ನು ಕಿತ್ತು ಎಸೆಯಬೇಡಿ.

ಸಾಕ್ಷಿ ಪಟ್ಟಿಯ ಕ್ರಮ ಎಪಿಪಿ ನಡೆಸುವ ಕ್ರಮದಲ್ಲೇ ಇರಲಿ: ಫಿರ್ಯಾದಿ, ಗಾಯಾಳು, ಕಂಡವರು, ಪಂಚರು, ವೈದ್ಯರು, ಮಾಲು ಒಯ್ದವರು, ಅಧಿಕಾರಿಗಳು. ಒಂದೇ ಸಂಗತಿಗೆ ಹದಿನೈದು ಕೇಳಿದ-ಹೇಳಿದ ಸಾಕ್ಷಿ ಬೇಡ, ಅವರಲ್ಲಿ ಇಬ್ಬರು ಮೂರು ಬಗೆಯಾಗಿ ಹೇಳಿದರೂ ನಷ್ಟ ಫಿರ್ಯಾದಿಗೇ.

ಪಟ್ಟಿ ಹೋದ ಮೇಲೆ ಪ್ರಯೋಗಾಲಯದ ವರದಿ ಬಂದರೆ 193(9)ರಡಿ ಪೂರಕ ವರದಿಯೊಂದಿಗೆ ಸಲ್ಲಿಸಿ. ವಿಚಾರಣೆ ಶುರುವಾದ ಮೇಲೆ ಹೆಚ್ಚಿನ ತನಿಖೆಗೆ ನ್ಯಾಯಾಲಯದ ಅನುಮತಿ ಬೇಕು, 90 ದಿನದಲ್ಲಿ ಮುಗಿಸಬೇಕು. ಖುಲಾಸೆ ತೀರ್ಪು ಬಂದಾಗ ಅದನ್ನು ಆಡಳಿತ ಶಾಖೆಗೆ ಕಳಿಸಿ ಮುಗಿಸದೆ, ನ್ಯಾಯಾಧೀಶರು ಎಣಿಸಿದ ಕೊರತೆಗಳನ್ನು ಅದೇ ಕೇಸಿನ ಮೂರು ಹಾಳೆಗಳ ಪಕ್ಕ ಇಟ್ಟು ನೋಡಿ. ಖುಲಾಸೆಯಾದ ಪ್ರತಿ ಪ್ರಕರಣವನ್ನು ಪೊಲೀಸ್ ಮತ್ತು ಅಭಿಯೋಗ ಇಲಾಖೆಯ ಹಿರಿಯರ ಸಮಿತಿ ಹೀಗೆ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2014ರ ಜನವರಿಯಲ್ಲಿ ಆದೇಶಿಸಿದೆ. ತೀರ್ಪಿನಲ್ಲಿ ಹೇಳಿದ ಕೊರತೆ ಹಾಳೆಯಲ್ಲಿ ಕಾಣಿಸದಿದ್ದರೆ ಹಾಳೆಗೆ ಒಂದು ಅಂಕಣ ಹೆಚ್ಚಿಸಬೇಕು, ಕಾಣಿಸಿಯೂ ಬಿಟ್ಟಿದ್ದರೆ ಅದನ್ನು ಯಾವ ದಿನ, ಯಾರ ಮೇಜಿನಲ್ಲಿ ಬಿಡಲಾಯಿತೆಂದು ಕೇಸ್ ಡೈರಿಯಿಂದ ತೆಗೆದು ಠಾಣೆಯ ತಿಂಗಳ ಸಭೆಯಲ್ಲಿ ಇಡಬೇಕು.